ಮೊಬೈಲ್ ಆಟ ಆಡಿದರೆ ಮಕ್ಕಳಿಗೆ ಲೆಕ್ಕ ಬರುತ್ತಾ?

ಮಗಳು ಒಂದನೇ ಕ್ಲಾಸು, ಲೆಕ್ಕದ ಆಟದ ಆ್ಯಪ್‌ಗೆ ವರ್ಷದ ದುಡ್ಡು ಕಟ್ಟಬಹುದಾ, ಆಟದಿಂದ ಕಲಿಯುತ್ತಾರೆ ಅನ್ನೋದಕ್ಕೆ ಸಂಶೋಧನೆ ಇದೆಯಾ ಅಂತ ಕೇಳಿದ್ದೀರಿ. ಇದೆ. ಆದರೆ ಜಾಹೀರಾತಿನಲ್ಲಿ ಹೇಳುವಷ್ಟು ಇಲ್ಲ.

ನಾನು ದಾವಣಗೆರೆಯಲ್ಲಿ ಮನೆಯಲ್ಲೇ ಟ್ಯೂಷನ್ ಹೇಳುತ್ತೇನೆ. ಒಬ್ಬ ಹುಡುಗ ಅಮ್ಮನ ಫೋನಿನಲ್ಲಿ ಮಗ್ಗಿ ಆಟ ಆಡುತ್ತಾನೆ. ಏಳೆಂಟ್ಲ ಎಷ್ಟು ಅಂತ ಬರುತ್ತದೆ, ಕೆಳಗೆ ನಾಲ್ಕು ಉತ್ತರ. ಹಸಿರು ಬರುವ ತನಕ ನಾಲ್ಕನ್ನೂ ಟಪಟಪ ಒತ್ತುತ್ತಾನೆ. ಸ್ಟಾರ್ ಸಿಗುತ್ತದೆ, ಮುಂದಿನ ಲೆವೆಲ್ಲಿಗೆ ಹೋಗುತ್ತಾನೆ. ಫೋನ್ ಇಸ್ಕೊಂಡು ಬಾಯಲ್ಲಿ ಕೇಳಿದರೆ ಸುಮ್ನೆ ಮುಖ ನೋಡುತ್ತಾನೆ. ಇಂಥ ಆಟಕ್ಕೆ ನಾನಾದರೆ ಒಂದು ರೂಪಾಯಿ ಕಟ್ಟಲ್ಲ.

ಹಾಗಂತ ಎಲ್ಲವೂ ದಂಡ ಅಲ್ಲ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಅವರಿದ್ದ ತಂಡ ಗುಜರಾತಿನ ವಡೋದರಾದಲ್ಲಿ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ವಾರಕ್ಕೆ 2 ಗಂಟೆ ಕಂಪ್ಯೂಟರಿನಲ್ಲಿ ಗಣಿತದ ಆಟ ಆಡಿಸಿತ್ತು. ಅಂಕ ಚೆನ್ನಾಗೇ ಏರಿತು. ಆದರೆ ನಿಲ್ಲಿಸಿ ಒಂದು ವರ್ಷಕ್ಕೆ ಆ ಲಾಭದ ಬಹುಪಾಲು ಕರಗಿಹೋಗಿತ್ತು. ಆ ವರದಿ ಬಂದಿದ್ದು 2007ರಲ್ಲಿ. 2013ರಲ್ಲಿ ಬೇರೆ ಸಂಶೋಧಕರು ಇಂಥ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಆಟದಿಂದ ಕಲಿತವರು ಮಾಮೂಲಿ ಪಾಠದವರಿಗಿಂತ ಸ್ವಲ್ಪ ಮುಂದಿದ್ದರು. ಆಟದ ಜೊತೆ ಪಾಠವೂ ಇದ್ದರೆ ಇನ್ನೂ ಜಾಸ್ತಿ. ಆಟ ಇದ್ದರೆ ಉತ್ಸಾಹ ಜಾಸ್ತಿ ಅಂತೀವಲ್ಲ, ಅದಕ್ಕೆ ಮಾತ್ರ ಗಟ್ಟಿ ಪುರಾವೆ ಸಿಗಲಿಲ್ಲ!

ನಿಮ್ಮ ಮಗಳ ವಯಸ್ಸಿಗೆ ನನಗೆ ಹಿಡಿಸಿದ್ದು ಬೇರೆ. ಅಮೆರಿಕದಲ್ಲಿ ಗೀತಾ ರಮಣಿ, ರಾಬರ್ಟ್ ಸೀಗ್ಲರ್ ಅನ್ನೋ ಸಂಶೋಧಕರು 2008ರಲ್ಲಿ ಬಡ ಮನೆಗಳ ಪುಟ್ಟ ಮಕ್ಕಳಿಗೆ 1ರಿಂದ 10ರವರೆಗೆ ಅಂಕಿ ಬರೆದ ಚೌಕಗಳಿರುವ ರಟ್ಟಿನ ಆಟ ಆಡಿಸಿದರು. ಒಟ್ಟು ಒಂದು ಗಂಟೆಯಷ್ಟು ಆಡಿದ್ದಕ್ಕೇ ಯಾವ ಸಂಖ್ಯೆ ಎಷ್ಟು ದೊಡ್ಡದು ಅನ್ನೋ ಅಂದಾಜು ಸುಧಾರಿಸಿತು. ಅದೇ ಆಟ, ಅಂಕಿ ಬದಲು ಬರೀ ಬಣ್ಣ ಇದ್ದಾಗ ಏನೂ ಆಗಲಿಲ್ಲ. ಕಾಯಿ ನಡೆಸುವುದೇ ಲೆಕ್ಕ ಆಗಿರಬೇಕು, ಅಲ್ವಾ?

ಮಂಡಿಪೇಟೆಗೆ ಹೋದಾಗ ಒಂದು ಹಾವು-ಏಣಿ ಬೋರ್ಡು ತನ್ನಿ. ಕಾಯಿ 23ರಲ್ಲಿದ್ದು ನಾಲ್ಕು ಬಿದ್ದರೆ "ಒಂದು, ಎರಡು" ಅಂತ ಎಣಿಸಲು ಬಿಡಬೇಡಿ. "ಇಪ್ಪತ್ತನಾಲ್ಕು, ಇಪ್ಪತ್ತೈದು" ಅಂತ ಬೋರ್ಡಿನ ಚೌಕದಲ್ಲಿರುವ ಅಂಕಿ ಹೇಳುತ್ತಲೇ ಕಾಯಿ ನಡೆಸಲಿ. ಹೀಗೆ ಎಣಿಸಿದ ಮಕ್ಕಳು ಜಾಸ್ತಿ ಕಲಿತರು ಅಂತ 2014ರ ಇನ್ನೊಂದು ಅಧ್ಯಯನ ಹೇಳುತ್ತದೆ. ಮೊದಮೊದಲು ಆಟ ನಿಧಾನ ಆಗುತ್ತದೆ, ಮಗಳು ರೇಗುತ್ತಾಳೆ. ಅವಳ ಜೊತೆ ನೀವೂ ಜೋರಾಗಿ ಎಣಿಸಿ.