22,000 ಪದಗಳ ಬರಹ ಕಿರುಕಾದಂಬರಿಯೇ?

ನಮಸ್ಕಾರ. ಕಾಸರಗೋಡಿನ ಬದಿಯಡ್ಕದ ಅಡಿಕೆ ತೋಟವೊಂದರ ಪಾಲಿನ ಕುರಿತು ನೀವು ಬರೆದ 22,000 ಪದಗಳನ್ನು ಕಿರುಕಾದಂಬರಿ ಅನ್ನಬಹುದೇ, ಈ ಪ್ರಕಾರ ಎಲ್ಲಿಂದ ಬಂತು ಎಂದು ಕೇಳಿದ್ದೀರಿ. ಉದ್ದದ ಮಟ್ಟಿಗೆ ಧಾರಾಳವಾಗಿ ಅನ್ನಬಹುದು. ವೈಜ್ಞಾನಿಕ ಕಥೆ-ಕಾದಂಬರಿಗಳಿಗೆ ಕೊಡುವ ಅಮೆರಿಕದ ನೆಬ್ಯುಲಾ ಪ್ರಶಸ್ತಿಯಲ್ಲಿ ಕಿರುಕಾದಂಬರಿಯ ಲೆಕ್ಕ 17,500ರಿಂದ 40,000 ಪದಗಳೊಳಗೆ. ಆದರೆ ಅದು ಇಂಗ್ಲಿಷಿನ ಅಳತೆ. ಪ್ರತ್ಯಯಗಳು ಪದಕ್ಕೇ ಅಂಟುವ ಕನ್ನಡದಲ್ಲಿ ಅಷ್ಟೇ ಕಥೆ ಕಡಿಮೆ ಪದಗಳಲ್ಲಿ ಮುಗಿಯುತ್ತದೆ.

ಮೂಲ ಇಟಲಿಯದು. 1348ರ ಪ್ಲೇಗಿನ ಹಿನ್ನೆಲೆಯಲ್ಲಿ ಬೊಕಾಚಿಯೊ ಬರೆದ ‘ಡೆಕಮೆರಾನ್’ನಲ್ಲಿ ಹತ್ತು ಮಂದಿ ಹತ್ತು ದಿನ ಹೇಳಿದ 100 ಕಥೆಗಳಿವೆ, ಹೆಚ್ಚಿನವು ಚಿಕ್ಕವೇ. ಅದನ್ನು ಬಿಗಿಯಾದ ಪ್ರಕಾರವಾಗಿ ಬೆಳೆಸಿದವರು ಜರ್ಮನರು. ನಿಜಕ್ಕೂ ನಡೆದ, ಹಿಂದೆ ಕೇಳಿರದ ಒಂದು ಘಟನೆಯೇ ಇದರ ತಿರುಳೆಂದು 1827ರಲ್ಲಿ ಜರ್ಮನ್ ಕವಿ ಗಯಟೆ ಹೇಳಿದ.

ನಿಮ್ಮ ಬರಹವನ್ನು ಈ ಮಾತಿಗೇ ಒರೆಹಚ್ಚಿ. ಪಾಲುಪಟ್ಟಿಗೆ ಅಕ್ಕ ಸಹಿ ಹಾಕದೆ ಎದ್ದುಹೋಗುವುದು ಆ ಘಟನೆಯಾದರೆ, ಪ್ರತಿ ಅಧ್ಯಾಯವೂ ಅದರತ್ತಲೋ ಅದರ ಪರಿಣಾಮದತ್ತಲೋ ಸಾಗಬೇಕು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ್ದಕ್ಕೆ ಎರಡು ಅಧ್ಯಾಯ ಕೊಟ್ಟಿದ್ದೀರಲ್ಲ, ಕಟ್ಟು ಸಡಿಲವಾಗುವುದು ಅಲ್ಲೇ. ಮಲಯಾಳದ ದಾಖಲೆ ಅಜ್ಜಿಗೆ ಓದಲಾಗದ ಒಂದೇ ದೃಶ್ಯದಲ್ಲಿ ಅಷ್ಟೂ ಬರುತ್ತದೆ. ಮೊಮ್ಮಗನ ಬೆಂಗಳೂರಿನ ಪ್ರೇಮ ಪಾಲಿನ ಜಗಳವನ್ನು ಬದಲಿಸದಿದ್ದರೆ ಪೂರ್ತಿ ತೆಗೆದುಬಿಡಿ.