ಕಾವಲಿನ ಕೋಶವೇ ಕಲ್ಲು ನುಂಗಿದರೆ

ಓದುಗರ ಪತ್ರ: ನಮ್ಮ ತಂದೆ 22 ವರ್ಷ ಜಲ್ಲಿ ಕ್ರಷರ್‌ನಲ್ಲಿದ್ದರು. ಬಿಟ್ಟು ಆರು ವರ್ಷ ಆಯಿತು, ಆದರೂ ದಮ್ಮು ಜಾಸ್ತಿ ಆಗುತ್ತಲೇ ಇದೆ. ಎಕ್ಸ್‌ರೇ ನೋಡಿ ಸಿಲಿಕೋಸಿಸ್, ಅಂದರೆ ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ರೋಗ, ಅಂದರು. ರೋಗನಿರೋಧಕ ಶಕ್ತಿ ಕಮ್ಮಿಯಾಗಿ ಹೀಗಾಯಿತಾ? ಅದನ್ನು ಹೆಚ್ಚಿಸುವ ಪುಡಿ ಕೊಡಬಹುದಾ? ಬೆಲ್ಲ ತಿಂದರೆ ಧೂಳು ಇಳಿಯುತ್ತದಾ? ನನ್ನ ತಮ್ಮನೂ ಈಗ ಅದೇ ಕೆಲಸಕ್ಕೆ ಹೋಗುತ್ತಿದ್ದಾನೆ. (ಚಿಕ್ಕಬಳ್ಳಾಪುರ ಜಿಲ್ಲೆಯ ಓದುಗರು)

ಸಂಪಾದಕರ ಉತ್ತರ: ಬೆಲ್ಲದ ವಿಷಯ ಮೊದಲು ಮುಗಿಸಿಬಿಡೋಣ. ಬೆಲ್ಲ ಹೋಗುವುದು ಹೊಟ್ಟೆಗೆ, ಧೂಳು ಕೂತಿರುವುದು ಶ್ವಾಸಕೋಶದಲ್ಲಿ. ದಾರಿಯೇ ಬೇರೆ. ಗಂಟಲಿಗೆ ಸ್ವಲ್ಪ ಹಿತ, ಅಷ್ಟೆ. ಕೆಲವು ಕಡೆ ಮಾಲೀಕರೇ ಬೆಲ್ಲ ಹಂಚುತ್ತಾರೆ. ಆ ದುಡ್ಡಿನಲ್ಲಿ ಕಲ್ಲಿನ ಮೇಲೆ ನೀರು ಚಿಮುಕಿಸಲು ಒಂದು ಪೈಪ್ ಎಳೆಸಿದ್ದರೆ ಉಪಕಾರವಾಗುತ್ತಿತ್ತು.

ಇನ್ನು ನಿರೋಧಕ ಶಕ್ತಿ. ಕಮ್ಮಿಯಾಗಿ ಹೀಗಾಗಿಲ್ಲ. ನಿಮ್ಮ ತಂದೆಯ ಎದೆಯಲ್ಲಿ ಗಾಯ ಮಾಡುತ್ತಿರುವುದು ಆ ಶಕ್ತಿಯೇ. ವಿಚಿತ್ರ ಅನಿಸುತ್ತದೆ ಅಲ್ವಾ?

ಉಸಿರಿನ ಜೊತೆ ಬರುವ ದಪ್ಪ ಧೂಳು ಮೂಗಿನಲ್ಲಿ, ಗಂಟಲಿನಲ್ಲಿ ಕಫಕ್ಕೆ ಅಂಟಿ ಹೊರಗೆ ಹೋಗುತ್ತದೆ. 5 ಮೈಕ್ರಾನ್‌ಗಿಂತ ಸಣ್ಣದು, ಅಂದರೆ ತಲೆಗೂದಲಿನ ದಪ್ಪದ ಹತ್ತನೇ ಒಂದು ಪಾಲಿಗಿಂತಲೂ ಚಿಕ್ಕದು, ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೂ ಇಳಿಯುತ್ತದೆ. ಅಲ್ಲಿ ಕಾವಲಿಗೆ ಇರುವುದು ಮ್ಯಾಕ್ರೋಫೇಜ್ ಎಂಬ ಕೋಶ. ಸಿಕ್ಕಿದ್ದನ್ನು ನುಂಗಿ, ತನ್ನೊಳಗಿನ ಒಂದು ಚೀಲಕ್ಕೆ ಹಾಕಿಕೊಂಡು ಅರಗಿಸುವುದೇ ಅದರ ಕೆಲಸ. ಬ್ಯಾಕ್ಟೀರಿಯಾ ಆದರೆ ಅರಗುತ್ತದೆ. ಕಲ್ಲಿನ ಸಿಲಿಕಾ ಹರಳು ಅರಗುವುದಿಲ್ಲ. ಹರಳು ಆ ಚೀಲವನ್ನೇ ಹರಿಯುತ್ತದೆ, ಅರಗಿಸಲು ಇಟ್ಟುಕೊಂಡಿದ್ದ ರಸ ಕೋಶದೊಳಗೇ ಸೋರುತ್ತದೆ, ಅದರಿಂದ ಎನ್‌ಎಲ್‌ಆರ್‌ಪಿ3 ಎಂಬ ಪ್ರೋಟೀನ್‌ಗಳ ಗುಂಪು ಎಚ್ಚೆತ್ತು ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಅಪಾಯದ ಸಂದೇಶವನ್ನು ಹೊರಗೆ ಬಿಡುತ್ತದೆ. ಸಂದೇಶ ಸಿಕ್ಕಿದ್ದೇ ತಡ, ರಕ್ತದಿಂದ ಬೇರೆ ಬಿಳಿ ಕೋಶಗಳು ಓಡಿ ಬರುತ್ತವೆ. ಈ ಸರಪಳಿ ವಿಜ್ಞಾನಿಗಳಿಗೆ ಸ್ಪಷ್ಟವಾಗಿದ್ದು 2008ರಲ್ಲಿ.

ಕಷ್ಟ ಶುರುವಾಗುವುದು ಇಲ್ಲಿಂದ. ನುಂಗಿದ ಕೋಶ ಸಾಯುತ್ತದೆ, ಹರಳು ಮಾತ್ರ ಒಂಚೂರೂ ಸವೆಯದೆ ಹೊರಗೆ ಬೀಳುತ್ತದೆ. ಇನ್ನೊಂದು ಕೋಶ ಬಂದು ಅದನ್ನೇ ನುಂಗುತ್ತದೆ, ಅದೂ ಸಾಯುತ್ತದೆ. ಪ್ರತಿ ಸಲವೂ ಗಾಯ, ಪ್ರತಿ ಸಲವೂ ಅದನ್ನು ಮುಚ್ಚಲು ನಾರಿನಂಥ ಅಂಗಾಂಶ. ಮೆತ್ತಗಿರಬೇಕಾದ ಶ್ವಾಸಕೋಶದಲ್ಲಿ ಗಂಟು ಗಂಟು. ಎಕ್ಸ್‌ರೇಯಲ್ಲಿ ಬಿಳಿ ಚುಕ್ಕಿಗಳಾಗಿ ಕಾಣುವುದು ಇವೇ. ಕ್ರಷರ್ ಬಿಟ್ಟ ಮೇಲೂ ದಮ್ಮು ಜಾಸ್ತಿಯಾಗುತ್ತಿದೆ ಎಂದು ಬರೆದಿದ್ದೀರಿ. ನಿಮ್ಮ ತಂದೆ ಕೆಲಸ ಬಿಟ್ಟರು, ಹರಳು ಬಿಟ್ಟಿಲ್ಲ.

ಹಾಗಾಗಿ ಆ ಪುಡಿ ಬೇಡ. ಸುಮ್ನೆ ದುಡ್ಡು ದಂಡ.

ನಮ್ಮ ಸೀಮೆಗೆ ಇದೇನು ಹೊಸ ರೋಗವಲ್ಲ. ಕೋಲಾರದ ಗಣಿಯಲ್ಲಿ ಚಿನ್ನ ಸಿಗುತ್ತಿದ್ದುದೇ ಬೆಣಚುಕಲ್ಲಿನ ಎಳೆಗಳಲ್ಲಿ, ಬೆಣಚು ಎಂದರೆ ಸಿಲಿಕಾವೇ. 1940ರ ದಶಕದಲ್ಲಿ ಅಲ್ಲಿನ ಏಳೂವರೆ ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ಪರೀಕ್ಷೆ ಮಾಡಿದಾಗ ಶೇ. 40ಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. 2001ರಲ್ಲಿ ಗಣಿ ಮುಚ್ಚಿತು. ನಿಮ್ಮ ಕಡೆಯ ಗ್ರಾನೈಟ್‌ನಲ್ಲೂ ಅದೇ ಬೆಣಚು ಇದೆ.

ನೀವು ಕೇಳದೇ ಇದ್ದರೂ ಒಂದು ಮಾತು ಹೇಳಲೇಬೇಕು. ಟಿಬಿ ರೋಗಾಣುವನ್ನು ಹಿಡಿದಿಡಬೇಕಾದುದೂ ಇದೇ ಮ್ಯಾಕ್ರೋಫೇಜ್. ಹರಳಿನ ಕೈಯಲ್ಲಿ ಸೋತ ಕೋಶ ಟಿಬಿ ಜೊತೆ ಹೇಗೆ ಹೋರಾಡೀತು? ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬರುವುದು ಬೇರೆಯವರಿಗಿಂತ ಎಷ್ಟೋ ಜಾಸ್ತಿ. ಉಲ್ಟಾನೂ ಆಗುತ್ತದೆ: ಎಕ್ಸ್‌ರೇಯಲ್ಲಿ ಎರಡೂ ಒಂದೇ ಥರ ಕಂಡು, ಬರೀ ಧೂಳಿನ ರೋಗಕ್ಕೆ ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿದವರಿದ್ದಾರೆ. ಅದಕ್ಕೇ ತಂದೆಯ ಕಫ ಪರೀಕ್ಷೆ ಮಾಡಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಆಗುತ್ತದೆ. ಡಾಕ್ಟರ್‌ಗೆ ಕ್ರಷರ್ ಕೆಲಸದ ವಿಷಯವನ್ನು ನೀವಾಗಿಯೇ ಹೇಳಿ, ಅವರು ಕೇಳಲಿ ಎಂದು ಕಾಯಬೇಡಿ. ಬೀಡಿ ಇದ್ದರೆ ಬಿಡಿಸಿ. ಗಂಟನ್ನು ಕರಗಿಸುವ ಔಷಧಿ ಇಲ್ಲ, ಆದರೆ ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ, ಉಸಿರಾಟದ ವ್ಯಾಯಾಮ, ಬೇಕಾದಾಗ ಆಕ್ಸಿಜನ್, ಇವುಗಳಿಂದ ದಿನ ಸ್ವಲ್ಪ ಹಗುರಾಗುತ್ತದೆ. ಕೆಲಸಗಾರರ ಪರಿಹಾರದ ಕಾನೂನಿನಲ್ಲಿ ಕೆಲಸದಿಂದ ಬರುವ ರೋಗಗಳ ಪಟ್ಟಿಯಲ್ಲಿ ಸಿಲಿಕೋಸಿಸ್ ಇದೆ. ಹಳೆಯ ಎಕ್ಸ್‌ರೇ, ಹಾಜರಿ ಚೀಟಿ, ಸಂಬಳದ ಕವರ್ ಏನೇ ಇದ್ದರೂ ಬಿಸಾಡಬೇಡಿ.

ಕೊನೆಗೆ ತಮ್ಮನ ವಿಷಯ. ಹಿಂದೊಮ್ಮೆ ಒಂದು ಕ್ರಷರ್‌ಗೆ ಹೋಗಿದ್ದೆ. ಮಧ್ಯಾಹ್ನ ಊಟಕ್ಕೆ ಕೂತ ಹುಡುಗ ಮುಖಕ್ಕೆ ಕಟ್ಟಿದ್ದ ಟವೆಲ್ ಬಿಚ್ಚಿ ಪಟಪಟ ಕೊಡವಿದ. ಬಿಸಿಲಿಗೆ ಧೂಳು ಮಿಣಮಿಣ ಹೊಳೆಯಿತು. 'ನೋಡಿ ಸಾರ್, ಎಷ್ಟು ತಡೆದಿದೆ' ಅಂದ. ಟವೆಲ್ ತಡೆದದ್ದು ಕಣ್ಣಿಗೆ ಕಾಣುವ ಧೂಳನ್ನು. ಕಾಣದ್ದು ಅದರ ಎಳೆಗಳ ನಡುವೆ ಆರಾಮಾಗಿ ತೂರಿ ಹೋಗಿರುತ್ತದೆ. ನಿಮ್ಮ ತಮ್ಮ ಆ ಕೆಲಸ ಬಿಡಲಾಗದಿದ್ದರೆ, ನೀರು ಹಾಕದೆ ಯಂತ್ರ ಓಡಿಸುವ ಕಡೆ ನಿಲ್ಲುವುದು ಬೇಡ. ಮುಖಕ್ಕೆ ಸರಿಯಾಗಿ ಕೂರುವ ಎನ್95 ಹಾಕಿಕೊಳ್ಳಲಿ, ಧೂಳಿನ ಬಟ್ಟೆಯಲ್ಲೇ ಮನೆಗೆ ಬಂದು ಮಕ್ಕಳನ್ನು ಎತ್ತಿಕೊಳ್ಳುವುದು ಬೇಡ. ಮತ್ತೆ ತಂದೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಅವನನ್ನೂ ಕರೆದುಕೊಂಡು ಹೋಗಿ, ಒಂದು ಎಕ್ಸ್‌ರೇ ತೆಗೆಸಿ. ಕೆಮ್ಮು ಇಲ್ಲ ಅಂತಾನೆ, ಇಲ್ಲದಿದ್ದರೂ ತೆಗೆಸಿ.