ಕಡಿಮೆ ಸಂಬಳಕ್ಕೂ ಬರ್ತೀನಿ ಅಂದರೂ ಕೆಲಸ ಕೊಡಲ್ಲ, ಯಾಕೆ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕೇಳಿರುವುದು ಒಂದೇ ಪ್ರಶ್ನೆ. ಕಳೆದ ಸಲವೂ ಅದೇ. ಒಮ್ಮೆ ಪೂರ್ತಿ ಹೇಳಿಬಿಡುತ್ತೇನೆ. ಮತ್ತೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಪ್ರಶ್ನೆ: ನನಗೆ ಎರಡು ಸ್ನಾತಕೋತ್ತರ ಪದವಿಗಳಿವೆ, 14 ವರ್ಷ ಅನುಭವವಿದೆ, ಐದು ವರ್ಷ ತಂಡ ನಡೆಸಿದ್ದೇನೆ. ಈಗ ಸಾಮಾನ್ಯ ಹುದ್ದೆಗಳಿಗೆ ಅರ್ಜಿ ಹಾಕುತ್ತಿದ್ದೇನೆ. ಸಂಬಳ ಎಷ್ಟು ಕಡಿಮೆಯಾದರೂ ಪರವಾಗಿಲ್ಲ ಎಂದು ಮೊದಲೇ ಹೇಳುತ್ತೇನೆ. ಆದರೂ ‘ನೀವು ಓವರ್‌ಕ್ವಾಲಿಫೈಡ್’ ಎಂದು ವಾಪಸ್ ಕಳಿಸುತ್ತಾರೆ. ಹೆಚ್ಚು ಓದಿದ್ದೇ ತಪ್ಪೇ?

ಉತ್ತರ: ಓದಿದ್ದು ತಪ್ಪಲ್ಲ. ‘ಎಷ್ಟು ಕಡಿಮೆಯಾದರೂ ಪರವಾಗಿಲ್ಲ’ ಅನ್ನುತ್ತೀರಲ್ಲ, ಅದು ತಪ್ಪು. 22 ವರ್ಷ ಇಂಟರ್‌ವ್ಯೂ ಮೇಜಿನ ಆಚೆ ಕೂತಿದ್ದೇನೆ. ಆ ಮಾತು ನಮ್ಮ ಕಿವಿಗೆ ಕೇಳಿಸುವುದು ‘ಬೇರೆ ಸಿಗುವ ತನಕ ಇಲ್ಲಿರುತ್ತೇನೆ’ ಎಂದೇ.

ನಿಮ್ಮ ಕೈಲಿ ಕೆಲಸ ಆದೀತೇ ಎಂಬ ಅನುಮಾನ ಯಾರಿಗೂ ಇಲ್ಲ. ಎದುರಿಗಿದ್ದವರು ಲೆಕ್ಕ ಹಾಕುತ್ತಿರುವುದು ನೀವು ಬಿಟ್ಟುಹೋಗುವ ದಿನವನ್ನು. ಹೊಸಬರನ್ನು ಹುಡುಕಿ, ಕಲಿಸಿ, ಅವರ ಕೈ ಪಳಗುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ. ಆಗ ರಾಜೀನಾಮೆ ಬಂದರೆ ಮತ್ತೆ ಜಾಹೀರಾತು, ಮತ್ತೆ ಇಂಟರ್‌ವ್ಯೂ, ಅಲ್ಲಿಯವರೆಗೆ ಆ ಕೆಲಸವೆಲ್ಲ ಪಕ್ಕದವರ ತಲೆಗೆ. ಬೈಸಿಕೊಳ್ಳುವುದು ನಿಮ್ಮನ್ನು ಆರಿಸಿದವರು. ಒಳ್ಳೆಯ ಅಭ್ಯರ್ಥಿಯನ್ನು ಕೈಬಿಟ್ಟದ್ದಕ್ಕೆ ಬೈಸಿಕೊಂಡವರನ್ನು ನಾನಂತೂ ನೋಡಿಲ್ಲ.

ನನ್ನದೂ ಒಂದು ಕಥೆ ಇದೆ. ಪಿಎಚ್‌.ಡಿ. ಮಾಡಿದವರೊಬ್ಬರನ್ನು ಡೇಟಾ ಎಂಟ್ರಿಗೆ ತೆಗೆದುಕೊಂಡೆ. ಮೂರನೇ ತಿಂಗಳಿಗೆ ಹೋದರು. ಆಮೇಲೆ ಎರಡು ವರ್ಷ, ಹೆಚ್ಚು ಓದಿದವರ ಅರ್ಜಿ ಕಂಡರೆ ತೆರೆಯದೆ ಪಕ್ಕಕ್ಕಿಡುತ್ತಿದ್ದೆ. ಒಬ್ಬರ ಮೇಲಿನ ಸಿಟ್ಟನ್ನು ಇನ್ನೆಷ್ಟೋ ಜನರ ಮೇಲೆ ತೀರಿಸಿಕೊಂಡೆ. ನ್ಯಾಯವಲ್ಲ, ಗೊತ್ತು.

ಈ ಭಯ ಕೋರ್ಟಿನವರೆಗೂ ಹೋಗಿದೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಲಂಡನ್ ನಗರದಲ್ಲಿ 1996ರಲ್ಲಿ ಒಬ್ಬರು ಪೊಲೀಸ್ ಕೆಲಸಕ್ಕೆ ಬುದ್ಧಿಮತ್ತೆಯ ಪರೀಕ್ಷೆ ಬರೆದು 50ಕ್ಕೆ 33 ತೆಗೆದರು. ಇಂಟರ್‌ವ್ಯೂಗೆ ಕರೆದದ್ದು 20ರಿಂದ 27 ಅಂಕದವರನ್ನು ಮಾತ್ರ. ಜಾಣರಿಗೆ ಈ ಕೆಲಸ ಬೇಸರ ಬರುತ್ತದೆ, ತರಬೇತಿಗೆ ಖರ್ಚು ಮಾಡಿಸಿ ಬಿಟ್ಟುಹೋಗುತ್ತಾರೆ ಎಂಬುದು ನಗರಾಡಳಿತದ ವಾದ. ಆ ನಂಬಿಕೆ ಸರಿಯೆಂದು ಸಾಬೀತಾಗಿರಬೇಕಾಗಿಲ್ಲ, ಅದಕ್ಕೊಂದು ತರ್ಕವಿದ್ದರೆ ಸಾಕು ಎಂದು 2000ದಲ್ಲಿ ಮೇಲ್ಮನವಿ ನ್ಯಾಯಾಲಯ ನಗರಾಡಳಿತದ ಪರವಾಗಿ ನಿಂತಿತು.

ಈ ಭಯದಲ್ಲಿ ಅರ್ಧ ಮಾತ್ರ ನಿಜ. ಬೆರಿನ್ ಎರ್ಡೋಗನ್ ಮತ್ತು ಟಾಲ್ಯಾ ಬಾಯರ್ ಟರ್ಕಿಯ ಬಟ್ಟೆ ಅಂಗಡಿಗಳ ಸಿಬ್ಬಂದಿಯನ್ನು ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದರು. ಈ ಕೆಲಸಕ್ಕೆ ತಮ್ಮ ಅರ್ಹತೆ ಹೆಚ್ಚಾಯಿತು ಅಂದುಕೊಂಡವರು ಮಾರಾಟದಲ್ಲಿ ಮುಂದಿದ್ದರು. ಅವರು ಬಿಟ್ಟುಹೋಗುವ ಪ್ರಶ್ನೆ ಬಂದಾಗ, ಕೆಲಸದಲ್ಲಿ ಸ್ವಂತ ನಿರ್ಧಾರಕ್ಕೆ ಎಷ್ಟು ಅವಕಾಶವಿತ್ತು ಎಂಬುದು ವ್ಯತ್ಯಾಸ ಮಾಡಿತ್ತು. ಇದನ್ನು ಓದಬೇಕಾದವರು ನೀವಲ್ಲ, ನಿಮ್ಮನ್ನು ಬೇಡ ಅಂದವರು. ಅವರು ನನಗೆ ಪತ್ರ ಬರೆಯುವುದಿಲ್ಲ.

ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಕಾರಣವಿದೆ. ನಿಮ್ಮ ಮೇಲೆ ಕೂರುವ ಮ್ಯಾನೇಜರಿಗೆ ಆರು ವರ್ಷದ ಅನುಭವ, ನಿಮಗೆ 14. ಮೀಟಿಂಗಿನಲ್ಲಿ ನೀವು ‘ನಮ್ಮಲ್ಲಿ ಇದನ್ನು ಹೀಗೆ ಮಾಡುತ್ತಿದ್ದೆವು’ ಎಂದು ಬಾಯಿ ತೆರೆಯುವುದು ಅವರಿಗೆ ಈಗಲೇ ಕಣ್ಣಿಗೆ ಕಟ್ಟಿದೆ.

ಹಾಗಾದರೆ ಏನು ಮಾಡಬೇಕು? ಕೆಳಗಿನ ಹುದ್ದೆಗೆ ಯಾಕೆ ಬರುತ್ತಿದ್ದೀರಿ ಎಂಬುದನ್ನು ಅವರು ಕೇಳುವ ಮುಂಚೆ ನೀವೇ ಹೇಳಿ. ‘ತಂಡ ನಡೆಸುವುದು ಸಾಕಾಗಿದೆ, ಕೈಯಾರೆ ಕೆಲಸ ಮಾಡಬೇಕು’ ಎಂಬುದು ಕಾರಣ. ಮನೆಯಲ್ಲಿ ನೋಡಿಕೊಳ್ಳಬೇಕಾದವರಿದ್ದಾರೆ, ರಾತ್ರಿ ಫೋನ್ ಬರದ ಕೆಲಸ ಬೇಕು ಎಂಬುದೂ ಕಾರಣ. ‘ನಿಮ್ಮ ಸಂಸ್ಥೆಯ ಧ್ಯೇಯ ಇಷ್ಟವಾಯಿತು’ ಎಂಬುದು ಗಿಳಿಪಾಠ. ಸಂಬಳದ ವಿಷಯ ಬಂದರೆ ‘ಈ ಹುದ್ದೆಯ ಸಂಬಳ ತಿಳಿದೇ ಅರ್ಜಿ ಹಾಕಿದ್ದೇನೆ’ ಎಂದು ಹೇಳಿ ನಿಲ್ಲಿಸಿ. ಅಂಗಲಾಚಬೇಡಿ.

ಮತ್ತು ನಿಜಕ್ಕೂ ಆರೇ ತಿಂಗಳು ಇರುವವರಾದರೆ ಕಾಯಂ ಹುದ್ದೆಯ ಬಾಗಿಲು ತಟ್ಟಬೇಡಿ, ಗುತ್ತಿಗೆ ಕೆಲಸ ಹುಡುಕಿ. ಹೆರಿಗೆ ರಜೆಗೆ ಹೋದವರ ಜಾಗ, ಒಂದೇ ಪ್ರಾಜೆಕ್ಟಿನ ಕೆಲಸ, ಇಂಥವು. ಮುಗಿಯುವ ದಿನ ಕಾಗದದಲ್ಲೇ ಇರುವ ಕಡೆ ಬಿಟ್ಟುಹೋಗುವ ಭಯ ಅಷ್ಟಾಗಿ ಇರುವುದಿಲ್ಲ. ಅಲ್ಲಿ ನಿಮ್ಮ 14 ವರ್ಷ ಭಾರವಲ್ಲ, ಲಾಭ. ಇಷ್ಟು ವರ್ಷಗಳಲ್ಲಿ ಈ ಮಾತು ಕೇಳಿ ಹಾಗೆ ಮಾಡಿದವರು ಬೆರಳೆಣಿಕೆಯಷ್ಟು. ಉಳಿದವರಿಗೆ ಮರ್ಯಾದೆಯ ಪ್ರಶ್ನೆಯಂತೆ.

ಪ್ರಶ್ನೆ: ಡಿಗ್ರಿಯನ್ನೇ ಮುಚ್ಚಿಟ್ಟರೆ?

ಉತ್ತರ: ರೆಸ್ಯೂಮೆಯಲ್ಲಿ ಹುದ್ದೆಗೆ ಬೇಡದ್ದನ್ನು ಬಿಡಬಹುದು. ಅರ್ಜಿಯಲ್ಲಿ ಕೇಳಿದ್ದಕ್ಕೆ ಸುಳ್ಳು ಬರೆಯಬಾರದು. ಪದವೀಧರರು ಅರ್ಜಿ ಹಾಕುವಂತಿಲ್ಲ ಎಂದಿದ್ದ ಬ್ಯಾಂಕ್ ಜವಾನ ಹುದ್ದೆಗೆ ಪದವಿ ಮುಚ್ಚಿಟ್ಟು ಆಯ್ಕೆಯಾದವರೊಬ್ಬರ ಪ್ರಕರಣದಲ್ಲಿ, 2020ರಲ್ಲಿ ಭಾರತದ ಸುಪ್ರೀಂ ಕೋರ್ಟ್ ಬ್ಯಾಂಕಿನ ಪರವಾಗಿ ತೀರ್ಪು ಕೊಟ್ಟಿತು.

ಪ್ರಶ್ನೆ: ನನಗೆ 52. ‘ಓವರ್‌ಕ್ವಾಲಿಫೈಡ್’ ಅಂದರೆ ‘ವಯಸ್ಸಾಯಿತು’ ಅಂತಲೇ?

ಉತ್ತರ: ಬಹಳ ಸಲ ಹೌದು. ಮೇಲೆ ಹೇಳಿದೆನಲ್ಲ, ಅಮೆರಿಕದ ಅದೇ ಮೇಲ್ಮನವಿ ನ್ಯಾಯಾಲಯ 1991ರಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ, ಈ ಪದ ವಯಸ್ಸಿನ ತಾರತಮ್ಯಕ್ಕೆ ಮುಸುಕಾಗಬಹುದು ಎಂದಿತ್ತು. ತಿರಸ್ಕಾರ ಬರಹದಲ್ಲಿದ್ದರೆ ಅಳಿಸಬೇಡಿ, ವಕೀಲರಿಗೆ ತೋರಿಸಿ.

ಪ್ರಶ್ನೆ: ಇನ್ನೊಂದು ಸರ್ಟಿಫಿಕೇಟ್ ಕೋರ್ಸ್ ಸೇರಲೇ?

ಉತ್ತರ: ಭಾರಕ್ಕೆ ಮುಳುಗುತ್ತಿರುವ ದೋಣಿಗೆ ಇನ್ನೊಂದು ಮೂಟೆಯೇ?

ಪ್ರಶ್ನೆ: ‘ರೆಸ್ಯೂಮೆ ಎಕ್ಸ್‌ಪರ್ಟ್’ ಒಬ್ಬರು ಹಣ ಕಟ್ಟಿದರೆ ಕೆಲಸ ಗ್ಯಾರಂಟಿ ಅನ್ನುತ್ತಾರೆ. ನಂಬಬಹುದೇ?

ಉತ್ತರ: ಆಫರ್ ಲೆಟರ್‌ಗೆ ಸಹಿ ಹಾಕುವವರು ಅವರಲ್ಲ. ಕಟ್ಟಿಯಾಗಿದ್ದರೆ ವಾಪಸ್ ಕೇಳಿ, ಇವತ್ತೇ.